ಕುಡಿತ ಚರ್ಮಕ್ಕೆ ಏನು ಮಾಡುತ್ತದೆ? ಮುಖದ ಗ್ಲೋ ಬಿಟ್ಟು ನೋಡಬೇಕಾದ ಲೆಕ್ಕ

ಜನವರಿ ಬಂತೆಂದರೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಬಗೆಯ ರೀಲ್‌ಗಳು ಶುರುವಾಗುತ್ತವೆ. ಎಡಗಡೆ ಊದಿಕೊಂಡ ಮುಖ, ಬಲಗಡೆ ಹೊಳೆಯುವ ಮುಖ. ಮಧ್ಯೆ "30 ದಿನ ಎಣ್ಣೆ ಬಿಟ್ಟೆ, ನೋಡಿ" ಅಂತ ಒಂದು ಸಾಲು. ಬೆಳಕು, ಫಿಲ್ಟರ್ ಎಲ್ಲವನ್ನೂ ಕಳೆದರೂ ಆ ಫೋಟೊಗಳಲ್ಲಿ ಸ್ವಲ್ಪ ನಿಜ ಇದ್ದೇ ಇದೆ. ಆದರೆ ಅವರು ಕೊಡುವ ಕಾರಣ ಯಾವಾಗಲೂ ಒಂದೇ. ಮದ್ಯ ದೇಹದ ನೀರು ಹೀರುತ್ತದೆ, ಅದಕ್ಕೇ ಚರ್ಮ ಬಾಡುತ್ತದೆ. ಹಾಗಾಗಿ ಪೆಗ್‌ಗೆ ಒಂದು ಗ್ಲಾಸ್ ನೀರು ಕುಡಿಯಿರಿ, ಮಲಗುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ, ಎಲ್ಲ ಸರಿಹೋಗುತ್ತೆ.

ಇದು ಅರ್ಧ ಸತ್ಯ. ನಮ್ಮ ದೇಹದಲ್ಲಿ ವಾಸೊಪ್ರೆಸಿನ್ ಅಂತ ಒಂದು ಹಾರ್ಮೋನು ಇದೆ. ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ. ಮದ್ಯ ಅದನ್ನು ತಡೆಯುತ್ತದೆ. ಎರಡನೇ ಪೆಗ್ ಮುಗಿಯುವಷ್ಟರಲ್ಲಿ ಬಾತ್‌ರೂಮ್ ಕಡೆ ಓಡಾಟ ಶುರುವಾಗುವುದು ಅದಕ್ಕೇ. ಬೆಳಿಗ್ಗೆ ಬಾಯಿ ಒಣಗುವುದೂ ಅದಕ್ಕೇ. ಆದರೆ ಚರ್ಮದ ಮೇಲ್ಪದರದ ತೇವ ನಾವು ಕುಡಿದ ನೀರಿನಿಂದ ನೇರವಾಗಿ ಬರುವುದಿಲ್ಲ. ಆ ಪದರದ ಕೋಶಗಳ ನಡುವೆ ಇರುವ ಕೊಬ್ಬಿನಂಶ ತೇವವನ್ನು ಹಿಡಿದಿಡುತ್ತದೆ. ಒಂದು ರಾತ್ರಿಯ ನೀರಿನ ಕೊರತೆಗೆ ಅದು ಅಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ಮರುದಿನದ ಬಾಡಿದ ಮುಖದಲ್ಲಿ ನಿದ್ದೆಗೆಟ್ಟಿದ್ದರ ಪಾಲು ದೊಡ್ಡದು. ಎಣ್ಣೆ ಹಾಕಿದರೆ ಬೇಗ ನಿದ್ದೆ ಬರುತ್ತದೆ ನಿಜ. ಆದರೆ ಮಧ್ಯರಾತ್ರಿಯ ಮೇಲೆ ಆ ನಿದ್ದೆ ತುಂಡುತುಂಡಾಗುತ್ತದೆ. ಜೊತೆಗೆ ನೆಂಚಿಕೊಂಡ ಉಪ್ಪು ಖಾರ ಬೇರೆ. ಕಣ್ಣಿನ ಕೆಳಗೆ ಊತ ಬರದೆ ಇನ್ನೇನಾಗುತ್ತದೆ?

ನೀರು ಕುಡಿಯಬೇಡಿ ಅಂತಲ್ಲ, ಧಾರಾಳವಾಗಿ ಕುಡಿಯಿರಿ. ಆದರೆ ಕುಡಿತ ಮತ್ತು ಚರ್ಮದ ಮಾತೆಲ್ಲ ಬರೀ ನೀರು, ಗ್ಲೋ, ಸುಕ್ಕಿನ ಸುತ್ತಲೇ ತಿರುಗುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ಅದು ಹೊಟ್ಟೆ ತುಂಬ ಊಟ ಮಾಡಿ, ವಾರಾಂತ್ಯಕ್ಕೆ ಎರಡು ಗ್ಲಾಸ್ ವೈನ್ ಕುಡಿಯುವವರಿಗಾಗಿ ಹುಟ್ಟಿದ ಮಾತು. ನಮ್ಮೂರಿನ ಕುಡಿತ ಬಹುಪಾಲು ಹಾಗಿಲ್ಲ. ಇಲ್ಲಿ ಕ್ವಾರ್ಟರ್ ಇದೆ, ನೈಂಟಿ ಪ್ಯಾಕೆಟ್ ಇದೆ, ಖಾಲಿ ಹೊಟ್ಟೆ ಇದೆ. ಈ ಕುಡಿತಕ್ಕೆ ಚರ್ಮದ ಮೇಲೆ ಬೀಳುವ ಗುರುತುಗಳೇ ಬೇರೆ.

ಮೊದಲು ಕೆಂಪಾಗುವ ಮುಖದ ವಿಷಯ

ಹೊಟ್ಟೆಗೆ ಹೋದ ಮದ್ಯವನ್ನು ಲಿವರ್ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಆಗುತ್ತದೆ. ಇದು ವಿಷ. ಆಮೇಲೆ ಇನ್ನೊಂದು ಕಿಣ್ವ ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ಚೀನಾ, ಜಪಾನ್, ಕೊರಿಯಾದ ಬಹಳ ಜನರಿಗೆ ಈ ಎರಡನೇ ಕಿಣ್ವ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ವಿಷ ರಕ್ತದಲ್ಲಿ ಉಳಿಯುತ್ತದೆ, ರಕ್ತನಾಳ ಹಿಗ್ಗುತ್ತದೆ, ಒಂದೇ ಗ್ಲಾಸಿಗೆ ಮುಖ ಕುತ್ತಿಗೆ ಎಲ್ಲ ಕೆಂಪಾಗುತ್ತದೆ. ಅಂಥವರು ಕುಡಿತ ಮುಂದುವರಿಸಿದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಜಾಸ್ತಿ ಅನ್ನುವುದೂ ಗೊತ್ತಾಗಿದೆ. ನಮ್ಮ ಕಡೆ ಈ ಜೀನ್ ಅಪರೂಪ.

ಹಾಗಾಗಿ ನಮ್ಮಲ್ಲಿ ಯಾರಿಗಾದರೂ ಎರಡು ಗುಟುಕಿಗೇ ಮುಖ ಸುಟ್ಟಂತೆ ಬಿಸಿಯಾಗಿ ಎದೆ ಡವಡವ ಅಂದರೆ, ಅವರು ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಮೊದಲು ಕೇಳಬೇಕು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಕುಡಿಯಬೇಡಿ ಅಂತ ಡಾಕ್ಟರು ಹೇಳುವುದು ಈ ಕಾರಣಕ್ಕೇ. ಹುಳುಕಡ್ಡಿಗೆ ಕೊಡುವ ಗ್ರೈಸಿಯೊಫಲ್ವಿನ್ ಕೂಡ ಕೆಲವರಲ್ಲಿ ಹೀಗೆ ಮಾಡುತ್ತದೆ. ಚರ್ಮಕ್ಕೆ ಹಚ್ಚುವ ಟ್ಯಾಕ್ರೊಲಿಮಸ್ ಮುಲಾಮು ಬಳಸುವವರಿಗೂ ಕುಡಿದ ಕೂಡಲೇ ಮುಖ ಕೆಂಪಾಗುವುದುಂಟು.

ರೊಸೇಶಿಯಾ ಅನ್ನುವ ಕಾಯಿಲೆಯಲ್ಲಿ ಕೆನ್ನೆ, ಮೂಗು ಪದೇ ಪದೇ ಕೆಂಪಾಗಿ, ಕೊನೆಗೆ ಸಣ್ಣ ರಕ್ತನಾಳಗಳು ಕಾಣುವಂತೆ ಉಳಿದುಬಿಡುತ್ತವೆ. ಮದ್ಯ ಇದನ್ನು ಕೆರಳಿಸುತ್ತದೆ. ಅಮೆರಿಕದ 82,737 ಮಹಿಳೆಯರನ್ನು 14 ವರ್ಷ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈಟ್ ವೈನ್ ಮತ್ತು ವಿಸ್ಕಿಯಂಥ ಹಾಟ್ ಡ್ರಿಂಕ್ಸ್ ಕುಡಿಯುವವರಿಗೆ ಹೊಸದಾಗಿ ಈ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ನಮ್ಮ ಕಂದು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಉರಿ, ಬಿಸಿ, ಮೊಡವೆಯಂಥ ಗುಳ್ಳೆ ಇದ್ದರೂ ಅದನ್ನು ಮೊಡವೆ ಅಂದುಕೊಂಡೇ ವರ್ಷಗಟ್ಟಲೆ ಕ್ರೀಮ್ ಹಚ್ಚುವವರಿದ್ದಾರೆ.

ಆದರೆ ದಪ್ಪ ಕೆಂಪು ಮೂಗು ಕಂಡ ಕೂಡಲೇ "ಕುಡುಕ" ಅನ್ನುವುದು ತಪ್ಪು. ಮೂಗು ಗೆಡ್ಡೆಯ ಹಾಗೆ ಬೆಳೆಯುವ ಆ ಸ್ಥಿತಿ ಒಂದು ಹನಿ ಮುಟ್ಟದವರಿಗೂ ಬರುತ್ತದೆ. ಅಮೆರಿಕದ ದೊಡ್ಡ ಬ್ಯಾಂಕರ್ ಜೆ.ಪಿ. ಮಾರ್ಗನ್‌ಗೆ ಇಂಥ ಮೂಗಿತ್ತು. ಅದನ್ನು ಮುಚ್ಚಲು ಅವರ ಫೋಟೊಗಳನ್ನೇ ತಿದ್ದಿಸುತ್ತಿದ್ದರಂತೆ. ಫಿಲ್ಟರ್ ಹುಚ್ಚು ಈಗಿನ ಹುಡುಗರದ್ದಷ್ಟೇ ಅಲ್ಲ.

ಕ್ವಾರ್ಟರ್ ಅಂದರೆ ಎಷ್ಟು?

2019ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ 3,267 ಮಹಿಳೆಯರ ಮುಖದ ಬಗ್ಗೆ ಒಂದು ಅಧ್ಯಯನ ಬಂತು. ವಾರಕ್ಕೆ 8 ಡ್ರಿಂಕ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುವವರಲ್ಲಿ ಹಣೆಯ ಗೆರೆ, ಕಣ್ಣ ಕೆಳಗಿನ ಊತ, ಕೆನ್ನೆ ಬತ್ತುವುದು, ಎದ್ದು ಕಾಣುವ ರಕ್ತನಾಳ ಹೆಚ್ಚು ಎಂದು ಅದು ಹೇಳಿತು. ಸುಕ್ಕು ತೆಗೆಯುವ ಇಂಜೆಕ್ಷನ್ ಮಾರುವ ಕಂಪನಿಗಳಿಗೆ ಇಂಥ ಅಧ್ಯಯನ ಅಂದರೆ ಪ್ರೀತಿ ಜಾಸ್ತಿ, ಅದನ್ನೂ ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಅಲ್ಲದೆ ಮಹಿಳೆಯರು ತಮ್ಮ ಮುಖದ ಬಗ್ಗೆ ತಾವೇ ಹೇಳಿದ್ದನ್ನು ಆಧರಿಸಿದ ಅಧ್ಯಯನ ಅದು.

ಇರಲಿ. ನನಗೆ ಮುಖ್ಯವಾಗಿ ಕಂಡದ್ದು ಆ "8 ಡ್ರಿಂಕ್". ಓದಿದವರು "ಅಯ್ಯೋ, ನಾನು ವಾರಕ್ಕೆ ಎರಡು ಸಲ ಮಾತ್ರ ಕೂರೋದು" ಅಂತ ನಿಟ್ಟುಸಿರು ಬಿಡಬಹುದು. ಸ್ವಲ್ಪ ಲೆಕ್ಕ ಹಾಕೋಣ.

ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿ, ರಮ್, ಬ್ರಾಂದಿ ಬಾಟಲಿಯ ಲೇಬಲ್ ನೋಡಿ. ಶೇ. 42.8 ಅಂತ ಇರುತ್ತದೆ. 180 ಎಂ.ಎಲ್. ಕ್ವಾರ್ಟರ್‌ನಲ್ಲಿ ಸುಮಾರು 77 ಎಂ.ಎಲ್. ಆಲ್ಕೋಹಾಲ್ ಇದೆ. ಅದರ ತೂಕ ಹತ್ತಿರ ಹತ್ತಿರ 61 ಗ್ರಾಂ. ಅಂದರೆ ಒಂದು ಕ್ವಾರ್ಟರ್ ಅಮೆರಿಕದ ನಾಲ್ಕು ಡ್ರಿಂಕ್‌ಗಿಂತ ಹೆಚ್ಚು. ವಾರಕ್ಕೆ ಎರಡು ಕ್ವಾರ್ಟರ್ ಹಾಕಿದರೆ ಆ ಅಧ್ಯಯನದ ಪ್ರಕಾರ ನೀವು ಭಾರೀ ಕುಡುಕರ ಪಟ್ಟಿಯಲ್ಲಿದ್ದೀರಿ. 650 ಎಂ.ಎಲ್.ನ ಒಂದು ಸ್ಟ್ರಾಂಗ್ ಬಿಯರ್, ಶೇ. 8ರದ್ದಾದರೆ, ಸುಮಾರು ಮೂರು ಡ್ರಿಂಕ್. "ಬರೀ ಬಿಯರ್ ಕಣ್ರೀ" ಅನ್ನುವವರು ಗಮನಿಸಿ.

ಈ 61 ಗ್ರಾಂಗೆ ಇನ್ನೊಂದು ಕಡೆಯೂ ಮಹತ್ವ ಇದೆ. ಗಂಡಸರು ದಿನಕ್ಕೆ 60ರಿಂದ 80 ಗ್ರಾಂ ಮದ್ಯವನ್ನು ಹತ್ತು ವರ್ಷ ಕುಡಿದರೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆಯ ಅಪಾಯ ಎದುರಾಗುತ್ತದೆ ಎಂದು ವೈದ್ಯಕೀಯ ಪಠ್ಯಗಳು ಬಹುಕಾಲದಿಂದ ಹೇಳಿಕೊಂಡು ಬಂದಿವೆ. ಹೆಂಗಸರಿಗೆ ಆ ಗಡಿ ಇನ್ನೂ ಕೆಳಗೆ. ಅಂದರೆ "ದಿನಾ ಒಂದೇ ಕ್ವಾರ್ಟರ್, ಒಂದು ಹನಿ ಜಾಸ್ತಿ ಇಲ್ಲ" ಅಂತ ಶಿಸ್ತಿನಿಂದ ಕುಡಿಯುವವರು ಸರಿಯಾಗಿ ಆ ಗಡಿಯ ಮೇಲೇ ಕಾಲಿಟ್ಟಿದ್ದಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 16.5 ಮಂದಿ ಕುಡಿಯುತ್ತಾರೆ. ಹೆಂಗಸರಲ್ಲಿ ಶೇ. 0.9. ಬಾಯಿಬಿಟ್ಟು ಹೇಳಿದವರ ಲೆಕ್ಕ ಇದು. ಸಂಖ್ಯೆ ನೋಡಿದರೆ ಆರರಲ್ಲಿ ಒಬ್ಬ ಗಂಡಸು. ಯುರೋಪಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಆದರೆ ಇಲ್ಲಿ ಕುಡಿಯುವವರು ಹೇಗೆ ಕುಡಿಯುತ್ತಾರೆ ಅನ್ನುವುದು ನೋಡಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಗೆ ಬಂದರು. ಈಗ ಅದು 90 ಎಂ.ಎಲ್. ಟೆಟ್ರಾ ಪ್ಯಾಕ್‌ನಲ್ಲಿ ಸಿಗುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಒಂದು, ಬಂದ ಮೇಲೆ ಎರಡು. ಕತ್ತರಿಸಿ ನೀರು ಬೆರೆಸಿ ಒಂದೇ ಎತ್ತಿಗೆ. ಜೊತೆಗೆ ಬೆರಳ ತುದಿಯಲ್ಲಿ ಉಪ್ಪಿನಕಾಯಿ.

ಊಟ? ಒಂದು ಕ್ವಾರ್ಟರ್‌ನಲ್ಲಿ 400 ಕ್ಯಾಲೊರಿಗೂ ಜಾಸ್ತಿ ಇದೆ. ಒಂದು ಊಟದಷ್ಟು ಶಕ್ತಿ. ಹಸಿವು ಸಾಯುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಇಲ್ಲ, ವಿಟಮಿನ್ ಇಲ್ಲ, ಏನೂ ಇಲ್ಲ. ಚರ್ಮದ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

ಸಿಮೆಂಟ್ ಅಲರ್ಜಿ ಅಂದುಕೊಂಡ ಕೈ

ಸರ್ಕಾರಿ ಆಸ್ಪತ್ರೆಯ ಚರ್ಮದ ಓಪಿಡಿಗೆ ಬೇಸಿಗೆಯಲ್ಲಿ ಬರುವ ಒಂದು ಬಗೆಯ ಕೈಯನ್ನು ನೋಡಿ. ಕೈಯ ಹಿಂಭಾಗದ ಚರ್ಮ ಕಡುಗಪ್ಪಾಗಿ, ದಪ್ಪವಾಗಿ, ಒಣಗಿ ಬಿರುಕು ಬಿಟ್ಟಿದೆ. ಬೆರಳ ಗೆಣ್ಣಿನ ಹತ್ತಿರ ಸಿಪ್ಪೆ ಏಳುತ್ತಿದೆ. ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಹೋಗುತ್ತಿದ್ದಂತೆ ಗೆರೆ ಎಳೆದ ಹಾಗೆ ಅದು ನಿಂತುಬಿಟ್ಟಿದೆ. ಅಂಗಿಯ ತೋಳು ಮುಚ್ಚಿದ ಜಾಗದಲ್ಲಿ ಚರ್ಮ ಚೆನ್ನಾಗಿಯೇ ಇದೆ. ಎರಡೂ ಕೈ ಒಂದೇ ಥರ. ಪಾದದ ಮೇಲೂ ಹಾಗೇ. ಕಾಲರ್ ಬಿಚ್ಚಿದರೆ ಕುತ್ತಿಗೆಯ ಸುತ್ತ ಸರ ಹಾಕಿದ ಹಾಗೆ ಒಂದು ಕಪ್ಪು ಪಟ್ಟಿ.

ಗಾರೆ ಕೆಲಸದವರಾದರೆ "ಸಿಮೆಂಟ್ ಅಲರ್ಜಿ" ಅನ್ನುತ್ತಾರೆ. ಹೊಲದ ಕೆಲಸದವರಾದರೆ "ಬಿಸಿಲಿಗೆ". ಮೆಡಿಕಲ್ ಶಾಪ್‌ನಿಂದ ಒಂದು ಸ್ಟೀರಾಯ್ಡ್ ಟ್ಯೂಬ್ ಬರುತ್ತದೆ. ಹಚ್ಚಿದಷ್ಟು ದಿನ ಸ್ವಲ್ಪ ಮೆತ್ತಗಾಗಿ, ಬಿಟ್ಟ ಮೇಲೆ ಮತ್ತೆ ಅದೇ.

ಈ ಕಾಯಿಲೆಯ ಹೆಸರು ಪೆಲಾಗ್ರ. ಬಿ3 ವಿಟಮಿನ್ ಅಂದರೆ ನಯಾಸಿನ್ ಕೊರತೆಯಿಂದ ಬರುವುದು. ಸ್ಪೇನ್ ದೇಶದ ಅಸ್ತೂರಿಯಸ್ ಪ್ರಾಂತ್ಯದಲ್ಲಿ ಮೆಕ್ಕೆಜೋಳವನ್ನೇ ನಂಬಿ ಬದುಕುತ್ತಿದ್ದ ಬಡ ರೈತರಲ್ಲಿ ಇದನ್ನು 1735ರಲ್ಲಿ ಗುರುತಿಸಿದವರು ಗಾಸ್ಪರ್ ಕಸಾಲ್ ಅನ್ನುವ ವೈದ್ಯರು. ಕುತ್ತಿಗೆಯ ಆ ಕಪ್ಪು ಪಟ್ಟಿಗೆ ಇವತ್ತಿಗೂ ಕಸಾಲ್ ಹಾರ ಅಂತಲೇ ಹೆಸರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಸಾವಿರಾರು ಜನರನ್ನು ಕೊಂದಿತು. ಎಲ್ಲರೂ ಸೋಂಕು ಅಂದುಕೊಂಡಿದ್ದಾಗ, 1914ರಿಂದ ಇದರ ಹಿಂದೆ ಬಿದ್ದ ಜೋಸೆಫ್ ಗೋಲ್ಡ್‌ಬರ್ಗರ್ ಇದು ಊಟದ ಕೊರತೆ ಎಂದು ತೋರಿಸಿದರು. ಆ ಕೊರತೆ ಯಾವುದರದ್ದು ಅಂತ ಖಚಿತವಾದದ್ದು 1937ರಲ್ಲಿ.

ನಮಗೂ ಈ ಕಾಯಿಲೆ ಹೊಸದಲ್ಲ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ಹೆಚ್ಚಾಗಿ ತಿನ್ನುತ್ತಿದ್ದ ಬಡವರಲ್ಲಿ ಪೆಲಾಗ್ರ ಇತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಹೊತ್ತಿಗೆ ಇದರ ಬಗ್ಗೆ ದೊಡ್ಡ ಕೆಲಸ ಮಾಡಿದರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶ ಜಾಸ್ತಿಯಾಗಿ ತೊಂದರೆ ಕೊಡುತ್ತಿರಬಹುದು ಅನ್ನುವುದು ಅವರ ವಾದವಾಗಿತ್ತು. ಅದರ ಮೇಲೆ ಆಮೇಲೆ ಸಾಕಷ್ಟು ಚರ್ಚೆ ನಡೆಯಿತು. ಉತ್ತರ ಕರ್ನಾಟಕದ ಓದುಗರು ರೊಟ್ಟಿ ಬಿಡಬೇಕಿಲ್ಲ. ರೊಟ್ಟಿ ಜೊತೆ ಬೇಳೆ, ಪಲ್ಯ, ಮೊಸರು ಇದ್ದರೆ ಚಿಂತೆ ಇಲ್ಲ. ಶೇಂಗಾ ಹಿಂಡಿ ಇದ್ದರಂತೂ ಇನ್ನೂ ಒಳ್ಳೆಯದು, ಶೇಂಗಾದಲ್ಲಿ ನಯಾಸಿನ್ ಚೆನ್ನಾಗಿದೆ.

ಊಟ ಸುಧಾರಿಸಿತು, ಹಳೆಯ ಪೆಲಾಗ್ರ ಕಡಿಮೆಯಾಯಿತು. ಈಗ ಬರುವ ಪೆಲಾಗ್ರದ ಹಿಂದೆ ಹೆಚ್ಚಾಗಿ ಇರುವುದು ಕುಡಿತ. ಮದ್ಯ ಇಲ್ಲಿ ನಾಲ್ಕೂ ಕಡೆಯಿಂದ ಹೊಡೆಯುತ್ತದೆ. ಹಸಿವು ಕೊಂದು ಊಟ ತಪ್ಪಿಸುತ್ತದೆ. ತಿಂದದ್ದರಲ್ಲಿರುವ ವಿಟಮಿನ್ ಕರುಳಿಗೆ ಸರಿಯಾಗಿ ಹತ್ತದಂತೆ ಮಾಡುತ್ತದೆ. ಪ್ರೋಟೀನಿನ ಒಂದು ಅಂಶದಿಂದ ದೇಹವೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು, ಆದರೆ ಅದಕ್ಕೆ ಬಿ2, ಬಿ6 ಬೇಕು, ಕುಡಿಯುವವರಲ್ಲಿ ಅವೂ ಕಮ್ಮಿ. ಕೊನೆಯದಾಗಿ, ಮದ್ಯವನ್ನು ಒಡೆಯುವ ಕೆಲಸಕ್ಕೇ ನಯಾಸಿನ್‌ನಿಂದ ಆಗುವ ಒಂದು ವಸ್ತು ಬೇಕು. ಬಿಸಿಲಿನಿಂದ ಆದ ಗಾಯವನ್ನು ರಿಪೇರಿ ಮಾಡಿಕೊಳ್ಳಲು ಚರ್ಮದ ಕೋಶಗಳಿಗೂ ಅದೇ ವಸ್ತು ಬೇಕು. ಸಿಗದಿದ್ದಾಗ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಸುಡುತ್ತದೆ. ಮುಚ್ಚಿದ ಜಾಗ ಚೆನ್ನಾಗಿರುವುದು ಇದಕ್ಕೇ.

ಪೆಲಾಗ್ರ ಬರೀ ಚರ್ಮದಲ್ಲಿ ನಿಲ್ಲುವುದಿಲ್ಲ. ಭೇದಿ ಬರುತ್ತದೆ, ನಾಲಿಗೆ ಕೆಂಪಾಗಿ ಉರಿಯುತ್ತದೆ, ನಿದ್ದೆ ಬರುವುದಿಲ್ಲ, ಮರೆವು, ಗೊಂದಲ ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು. ಇಲ್ಲಿಯ ದೊಡ್ಡ ಎಡವಟ್ಟು ಏನೆಂದರೆ, ಈ ಒಂದೇ ಕಾಯಿಲೆ ಮೂರು ಬಾಗಿಲಿಗೆ ಹಂಚಿಹೋಗುತ್ತದೆ. ಕೈಗೆ ಮೆಡಿಕಲ್ ಶಾಪ್‌ನ ಟ್ಯೂಬ್. ಭೇದಿಗೆ ಊರಿನ ಕ್ಲಿನಿಕ್‌ನ ಮಾತ್ರೆ. ತಲೆ ಗೊಂದಲಕ್ಕೆ ಮದ್ದೇ ಇಲ್ಲ, "ಕುಡಿದು ಕುಡಿದು ತಲೆ ಕೆಟ್ಟಿದೆ ಬಿಡಿ" ಅಂತ ಮನೆಯವರು ಕೈಚೆಲ್ಲುತ್ತಾರೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲದೆ ತಿಂಗಳುಗಳು ಕಳೆಯುತ್ತವೆ.

ಮದ್ದು? ನಿಕೋಟಿನಮೈಡ್ ಮಾತ್ರೆ, ಜೊತೆಗೆ ಉಳಿದ ಬಿ ವಿಟಮಿನ್‌ಗಳು, ಹೊಟ್ಟೆ ತುಂಬ ಪ್ರೋಟೀನ್ ಇರುವ ಊಟ, ಕುಡಿತಕ್ಕೆ ತಡೆ. ನಾಲಿಗೆ, ಭೇದಿ ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ. ಚರ್ಮಕ್ಕೆ ಕೆಲವು ವಾರ ಬೇಕು. ನಿಕೋಟಿನಮೈಡ್‌ಗೆ ಇನ್ನೊಂದು ಹೆಸರು ನಯಾಸಿನಮೈಡ್. ಹೌದು, ಮುಖ ಹೊಳೆಯಲಿ ಅಂತ ನಗರದ ಹುಡುಗ ಹುಡುಗಿಯರು ಡ್ರಾಪರ್‌ನಲ್ಲಿ ಹಚ್ಚಿಕೊಳ್ಳುವ ಅದೇ ಸೀರಮ್‌ನ ಸರಕು.

ಲಿವರ್ ಬರೆಯುವ ಗುರುತುಗಳು

ಲಿವರ್ ಸೋತಾಗಲೂ ಮೊದಲ ಸುಳಿವುಗಳಲ್ಲಿ ಕೆಲವು ಚರ್ಮದ ಮೇಲೆಯೇ ಇರುತ್ತವೆ. ನೋವಿಲ್ಲದ ಗುರುತುಗಳು, ಅದಕ್ಕೇ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಒಂದನ್ನು ಮನೆಯಲ್ಲೇ ನೋಡಬಹುದು. ಎದೆಯ ಮೇಲ್ಭಾಗ, ಕುತ್ತಿಗೆ, ಮುಖ, ಭುಜದ ಸುತ್ತ ಸಣ್ಣ ಕೆಂಪು ಚುಕ್ಕೆ. ಅದರಿಂದ ಜೇಡನ ಕಾಲಿನಂತೆ ಎಳೆಗಳು ಹೊರಟಿರುತ್ತವೆ. ಪೆನ್ನಿನ ಮೊಂಡು ತುದಿಯಿಂದ ನಡುವಿನ ಚುಕ್ಕೆಯನ್ನು ಒತ್ತಿ. ಕಾಲುಗಳೆಲ್ಲ ಮಾಯ. ಬಿಡಿ. ನಡುವಿನಿಂದ ಹೊರಕ್ಕೆ ರಕ್ತ ಮತ್ತೆ ತುಂಬಿಕೊಳ್ಳುತ್ತದೆ. ಒಂದೆರಡು ಇದ್ದರೆ ಹೆದರಬೇಡಿ, ಆರೋಗ್ಯವಂತರಲ್ಲೂ ಬಸುರಿಯರಲ್ಲೂ ಬರುತ್ತವೆ. ಕುಡಿಯುವ ಗಂಡಸಿನ ಎದೆಯ ಮೇಲೆ ಐದಾರು ಕಂಡರೆ ಮಾತ್ರ ಲಿವರ್ ಪರೀಕ್ಷೆ ಮಾಡಿಸಲೇಬೇಕು. ಈಸ್ಟ್ರೊಜನ್ ಹಾರ್ಮೋನನ್ನು ಲಿವರ್ ಸರಿಯಾಗಿ ವಿಲೇವಾರಿ ಮಾಡದೆ ಅದರ ಪ್ರಭಾವ ಹೆಚ್ಚುವುದು ಇದಕ್ಕೆ ಕಾರಣ. ಕೆಲವು ಗಂಡಸರಿಗೆ ಎದೆ ಬೆಳೆಯುವುದೂ ಅದೇ ಕಾರಣಕ್ಕೆ.

ಕಪ್ಪು ಮೈಬಣ್ಣದಲ್ಲಿ ಈ ಚುಕ್ಕೆಗಳು ಕಾಣುವುದೇ ಕಷ್ಟ. ಆಗ ಅಂಗೈ ನೋಡಬೇಕು. ಹೆಬ್ಬೆರಳು ಮತ್ತು ಕಿರುಬೆರಳಿನ ಬುಡದ ಉಬ್ಬು ಕೆಂಪೇರಿ, ನಡುವಿನ ಭಾಗ ಮಾತ್ರ ಮಾಮೂಲಿನಂತಿರುತ್ತದೆ. ಉಗುರು ಬಿಳಿಚಿಕೊಂಡು ತುದಿಯಲ್ಲಷ್ಟೇ ಗುಲಾಬಿ ಗೆರೆ ಉಳಿದಿರುತ್ತದೆ. ಸುಮ್ನೆ ತಾಗಿದ್ದಕ್ಕೆಲ್ಲ ಮೈ ನೀಲಿಗಟ್ಟುತ್ತದೆ, ಯಾಕೆಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದು ಲಿವರೇ.

ತುರಿಕೆ ಇನ್ನೊಂದು. ಗುಳ್ಳೆ ಇಲ್ಲ, ಕಜ್ಜಿ ಇಲ್ಲ, ಆದರೆ ರಾತ್ರಿ ಹೊತ್ತು ಅಂಗೈ, ಅಂಗಾಲು ಕೆರೆದು ಕೆರೆದು ಸಾಕಾಗುತ್ತದೆ. ಪಿತ್ತ ಸರಿಯಾಗಿ ಹೊರಹೋಗದಿದ್ದಾಗ ಹೀಗಾಗುತ್ತದೆ. ಸೋಪು ಬದಲಿಸಿ, ಬೇವಿನ ಸೊಪ್ಪಿನ ನೀರು ಹಾಕಿಕೊಂಡು, ಅಲರ್ಜಿ ಮಾತ್ರೆ ನುಂಗಿ ವರ್ಷ ಕಳೆದ ಮೇಲೆ ಕಣ್ಣು ಹಳದಿಯಾಗುತ್ತದೆ. ಆಗ ಕಾಮಾಲೆ ಅಂತ ನಾಟಿ ಔಷಧಿಗೆ ಓಡುತ್ತಾರೆ. ಕಾಮಾಲೆ ಅನ್ನುವುದು ಗುರುತು ಮಾತ್ರ. ಸೋಂಕಿನಿಂದ ಬಂದದ್ದು ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ನಾಟಿ ಔಷಧಿಯ ಪಾಲಾಗುತ್ತದೆ. ಕುಡಿತದಿಂದ ಬಂದದ್ದು ಹಾಗೆ ಇಳಿಯುವುದಿಲ್ಲ.

ಇನ್ನು "ಮೈ ಕೈ ತುಂಬಿಕೊಂಡಿದ್ದಾನೆ" ಅನ್ನುವ ಮೆಚ್ಚುಗೆಯ ಮಾತು. ದಿನಾ ಕುಡಿಯುವ ಕೆಲವರ ಕೆನ್ನೆ ನಿಜಕ್ಕೂ ಗುಂಡಗಾಗುತ್ತದೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದುವುದು ಒಂದು ಕಾರಣ, ಕಾರ್ಟಿಸಾಲ್ ಹಾರ್ಮೋನು ಏರುವುದು ಇನ್ನೊಂದು. ತೋಳು, ತೊಡೆ ಸೊರಗುತ್ತಾ ಮುಖ ಮಾತ್ರ ತುಂಬಿಕೊಂಡರೆ ಅದು ಆರೋಗ್ಯದ ಕಳೆಯಲ್ಲ. ಬಿಯರ್ ಕುಡಿದರೆ ಮೈ ಬರುತ್ತೆ, ರೆಡ್ ವೈನ್ ಕುಡಿದರೆ ಕಲರ್ ಬರುತ್ತೆ ಅನ್ನುವುದೂ ಇದೇ ಸಾಲಿನ ನಂಬಿಕೆಗಳು. ಮದುವೆ ಗೊತ್ತಾದ ಹುಡುಗಿಗೆ ದಿನಾ ಸ್ವಲ್ಪ ಸಿಹಿ ವೈನ್ ಕುಡಿಸುವ ಮನೆಗಳಿವೆ. ವೈನ್‌ನಲ್ಲಿ ಚರ್ಮಕ್ಕೆ ಒಳ್ಳೆಯ ರೆಸ್ವೆರಾಟ್ರಾಲ್ ಅನ್ನುವ ಅಂಶ ಇದೆಯಲ್ಲ ಅನ್ನುತ್ತಾರೆ. ಇದೆ, ಒಂದು ಲೀಟರಿನಲ್ಲಿ ಕೆಲವೇ ಮಿಲಿಗ್ರಾಂ. ಅದೇ ಲೀಟರಿನಲ್ಲಿ ಆಲ್ಕೋಹಾಲ್ ಸುಮಾರು 100 ಗ್ರಾಂ. ಬಸುರಿಯರಿಗೆ "ಮಗು ಬೆಳ್ಳಗಾಗಲಿ" ಅಂತ ಕೊಡುವವರಿಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು: ಬಣ್ಣ ಬದಲಾಗುವುದಿಲ್ಲ, ಮಗುವಿನ ಮೆದುಳಿಗೆ ಪೆಟ್ಟು ಬೀಳಬಹುದು.

ಡಾಕ್ಟರ ಹತ್ತಿರ ಮುಚ್ಚಿಟ್ಟರೆ

ಸೋರಿಯಾಸಿಸ್, ಅಂದರೆ ಚರ್ಮದ ಮೇಲೆ ಸಿಪ್ಪೆ ಏಳುವ ಮಚ್ಚೆಗಳು ಬರುವ ಕಾಯಿಲೆ ಇರುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಅಮೆರಿಕದ 80 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಸರಾಸರಿ 2.3 ಡ್ರಿಂಕ್ ದಾಟಿದವರಿಗೆ ಸೋರಿಯಾಸಿಸ್ ಬರುವ ಸಾಧ್ಯತೆ ಕುಡಿಯದವರಿಗಿಂತ ಸುಮಾರು ಶೇ. 70 ಹೆಚ್ಚಿತ್ತು. ನಮ್ಮ ಲೆಕ್ಕದಲ್ಲಿ ಅದು ವಾರಕ್ಕೆ ಒಂದು ನೈಂಟಿಗಿಂತ ಸ್ವಲ್ಪ ಜಾಸ್ತಿ. ಮಾಮೂಲಿ ಬಿಯರ್ ಜೊತೆ ನಂಟು ಗಟ್ಟಿಯಾಗಿತ್ತು, ವೈನ್ ಮತ್ತು ಲೈಟ್ ಬಿಯರ್ ಜೊತೆ ಅಂಥ ನಂಟು ಕಾಣಲಿಲ್ಲ. ನಂಟು ಇದೆ ಅಂದಮಾತ್ರಕ್ಕೆ ಅದೇ ಕಾರಣ ಅಂತ ಆಗುವುದಿಲ್ಲ. ಕಾಯಿಲೆಯ ಬೇಸರಕ್ಕೇ ಕುಡಿಯುವವರೂ ಇದ್ದಾರೆ.

ಕಾರಣ ಯಾವುದೇ ಇರಲಿ, ಚಿಕಿತ್ಸೆಯಲ್ಲಿ ಕುಡಿತ ಅಡ್ಡ ಬಂದೇ ಬರುತ್ತದೆ. ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಅಗ್ಗದ, ಒಳ್ಳೆಯ ಮಾತ್ರೆ. ಆದರೆ ಲಿವರ್ ಮೇಲೆ ಭಾರ. ಕುಡಿತವೂ ಸೇರಿದರೆ ಆ ಭಾರ ಬೆಳೆಯುತ್ತದೆ. ಇನ್ನೊಂದು ಮಾತ್ರೆ ಅಸಿಟ್ರೆಟಿನ್. ಅದನ್ನು ತಗೊಳ್ಳುವಾಗ ಮಹಿಳೆಯರು ಕುಡಿದರೆ, ಮದ್ಯ ಅದನ್ನು ವರ್ಷಗಟ್ಟಲೆ ದೇಹದಲ್ಲಿ ಉಳಿಯುವ ಬೇರೊಂದು ವಸ್ತುವಾಗಿ ಬದಲಿಸುತ್ತದೆ. ಹುಟ್ಟುವ ಮಗುವಿಗೆ ಅದು ಅಪಾಯ. ಮಾತ್ರೆ ನಿಲ್ಲಿಸಿ ಮೂರು ವರ್ಷ ಬಸುರಿಯಾಗಬಾರದು ಎನ್ನುವುದು ಅದಕ್ಕೇ. ಹುಳುಕಡ್ಡಿಗೆ ವಾರಗಟ್ಟಲೆ ನುಂಗುವ ಮಾತ್ರೆಗಳಿಗೂ ಲಿವರ್‌ನ ಎಚ್ಚರಿಕೆ ಇದೆ.

ಇಷ್ಟಾದರೂ ಚರ್ಮದ ಡಾಕ್ಟರ ಮುಂದೆ ಕುಡಿತದ ಮಾತೇ ಬರುವುದಿಲ್ಲ. ಹೆಂಡತಿ ಪಕ್ಕದಲ್ಲೇ ಕೂತಿರುತ್ತಾರೆ, ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ. "ಅಭ್ಯಾಸ ಏನಾದ್ರೂ ಇದ್ಯಾ?" ಅಂತ ಕೇಳಿದರೆ "ಯಾವಾಗ್ಲಾದ್ರೂ ಒಂದೊಂದ್ಸಲ ಸಾರ್" ಅನ್ನುವುದು ಸಿದ್ಧ ಉತ್ತರ. ನನ್ನ ಪ್ರಕಾರ ಕೇಳುವ ರೀತಿಯೇ ಬದಲಾಗಬೇಕು. "ಕುಡೀತೀರಾ?" ಅಂದರೆ ಅದು ಆರೋಪ. "ದಿನಕ್ಕೆ ಕ್ವಾರ್ಟರಾ, ನೈಂಟಿನಾ? ಬೆಳಿಗ್ಗೆನೂ ಬೇಕಾಗುತ್ತಾ? ಊಟ ಎಷ್ಟೊತ್ತಿಗೆ ಮಾಡ್ತೀರಿ?" ಅಂದರೆ ಅದು ವೈದ್ಯರ ಪ್ರಶ್ನೆ. ಉತ್ತರ ಸಿಗುತ್ತದೆ. 2025-26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ಒಂದಿಷ್ಟು ತಾಲ್ಲೂಕು ಆಸ್ಪತ್ರೆಗಳ ಬಿ ವಿಟಮಿನ್ ಮಾತ್ರೆಗೆ, ಇಂಥ ಪ್ರಶ್ನೆ ಕೇಳುವ ಒಬ್ಬ ಕೌನ್ಸೆಲರ್‌ಗೆ ಹೋದರೆ ಖಜಾನೆ ಬರಿದಾಗುವುದಿಲ್ಲ.

ಬಿಟ್ಟರೆ ಏನು ವಾಪಸ್ ಬರುತ್ತದೆ?

ಮುಖದ ಊತ, ಕಣ್ಣ ಕೆಳಗಿನ ಚೀಲ ಕೆಲವು ವಾರಗಳಲ್ಲಿ ಇಳಿಯುತ್ತವೆ. ರೀಲ್‌ಗಳಲ್ಲಿ ಕಾಣುವ ನಿಜ ಅಷ್ಟು. ಪೆಲಾಗ್ರ ಪೂರ್ತಿ ಗುಣವಾಗುತ್ತದೆ. ಲಿವರ್ ಸುಧಾರಿಸಿದರೆ ಜೇಡನ ಚುಕ್ಕೆಗಳೂ ಮಾಸಬಹುದು. ಕೆನ್ನೆಯಲ್ಲಿ ಒಮ್ಮೆ ಹಿಗ್ಗಿ ನಿಂತ ರಕ್ತನಾಳಗಳು ತಾವಾಗಿ ಹೋಗುವುದಿಲ್ಲ, ಲೇಸರ್ ಬೇಕು. ಸಿರೋಸಿಸ್ ಮುಂದುವರಿದಿದ್ದರೆ ಚರ್ಮದ ಮಾತು ಪಕ್ಕಕ್ಕಿಟ್ಟು ಜೀವದ ಮಾತು ಆಡಬೇಕಾಗುತ್ತದೆ.

ಬಿಡುವ ರೀತಿಯಲ್ಲೂ ಅಪಾಯ ಇದೆ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಫೋನ್ ನಂಬರ್ ಬರೆದಿರುತ್ತಾರಲ್ಲ, ಆ ಪುಡಿಗಳಲ್ಲಿ ಏನಿದೆ ಅಂತ ಯಾರೂ ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅಸಿಟಾಲ್ಡಿಹೈಡ್ ಒಡೆಯುವ ಆ ಎರಡನೇ ಕಿಣ್ವವನ್ನೇ ಅದು ತಡೆಯುತ್ತದೆ. ಅದನ್ನು ತಗೊಂಡವರು ಕುಡಿದರೆ ಮುಖ ಕೆಂಡವಾಗಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಡಾಕ್ಟರ ಕಣ್ಗಾವಲಿನಲ್ಲಿ ಕೊಡುವ ಔಷಧಿ ಅದು. ಸಾರಿನಲ್ಲಿ ಕದ್ದು ಬೆರೆಸಿದರೆ ಪ್ರಾಣಕ್ಕೇ ಕುತ್ತು.

ದಿನಾ ಕುಡಿಯುವವರು "ನಾಳೆಯಿಂದ ಬಂದ್" ಅಂತ ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಗಂಡಾಂತರ. ಕೈ ನಡುಕ, ಬೆವರು, ಮೈಮೇಲೆ ಹುಳ ಹರಿದ ಅನುಭವ ಶುರುವಾಗುತ್ತದೆ. ಚರ್ಮ ನೋಡಿದರೆ ಏನೂ ಇರುವುದಿಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ಜನ ಗುರುತು ಸಿಗದ ಸ್ಥಿತಿ ಬರಬಹುದು. ಬೆಳಿಗ್ಗೆ ಎದ್ದ ಕೂಡಲೇ ಎಣ್ಣೆ ಬೇಕಾಗುವವರು ಮನೆಯಲ್ಲಿ ಬಿಡಬಾರದು, ಆಸ್ಪತ್ರೆಯ ನೆರವಿನಲ್ಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು.